ಎಫ್-ಟಿಆರ್ ಸ್ಪರ್ಧೆಗೆ ಯಾವ ಸ್ಕೋಪ್? ಬಳಸಿದವರು ಅನುಭವ ತಿಳಿಸಿ

ಪ್ರಶ್ನೆ, ಹ್ಯೂಸ್ಟನ್‌ನಿಂದ:
ಈ ಚಳಿಗಾಲದಲ್ಲಿ ಎಫ್-ಟಿಆರ್ (ನೆಲದ ಮೇಲೆ ಮಲಗಿ ರೈಫಲ್‌ನಿಂದ ದೂರದ ಗುರಿ ಹೊಡೆಯುವ) ಸ್ಪರ್ಧೆಗೆ ಇಳಿಯುತ್ತಿದ್ದೇನೆ. .308 ಗುಂಡಿನ ರೈಫಲ್ ಸಿದ್ಧವಾಗಿದೆ, ಬೈಪಾಡ್ (ಮುಂಬದಿಗೆ ಎರಡು ಕಾಲಿನ ಆಸರೆ) ಬಂದಿದೆ, ಸ್ಕೋಪ್ (ಗುರಿಯನ್ನು ದೊಡ್ಡದಾಗಿ ತೋರಿಸುವ ದೂರದರ್ಶಕ) ಮಾತ್ರ ಬಾಕಿ. ಸದ್ಯಕ್ಕೆ 600 ಗಜ, ಮುಂದಿನ ವರ್ಷ 1000. ವಯಸ್ಸು ಐವತ್ತು ದಾಟಿದೆ, ಕನ್ನಡಕ ಹಾಕುತ್ತೇನೆ. 1200 ಡಾಲರ್ ಮೀರುವಂತಿಲ್ಲ. 32 ಪಟ್ಟು ಸಾಕೇ, 50-60 ಬೇಕೇ?

ಫೀನಿಕ್ಸ್‌ನಿಂದ:
1200 ಡಾಲರ್ ಎಂಬ ಮಾತು ಓದಿದೊಡನೆ ಹಳೆಯ ಸಂಕಟ ನೆನಪಾಯಿತು. ಕಂಪನಿಯ ಹೆಸರು ಬೇಡ. ಸ್ಕೋಪಿಗೆ 900 ಡಾಲರ್ ಕೊಟ್ಟಿದ್ದೆ. ಗಾಜು ಚೆನ್ನಾಗಿಯೇ ಇತ್ತು. ಇಲ್ಲಿಯ ಬೆನ್ ಏವರಿ ರೇಂಜಿನಲ್ಲಿ 1000 ಗಜದ ದಿನ ಮೊದಲ ಸರದಿಯ ಗುಂಡುಗಳೆಲ್ಲ ಹತ್ತರ ಸುತ್ತಿನೊಳಗೆ ಬಿದ್ದವು. ಮುಂದಿನ ಸರದಿಗೆ ಟರೆಟ್ಟನ್ನು (ಸ್ಕೋಪಿನ ಗುರಿ ಹೊಂದಿಸುವ ಗುಂಡಿಯನ್ನು) ಅದೇ ಅಂಕಿಗೆ ತಂದರೂ ಗುಂಡು ಏಳರ ಮೇಲಂಚಿಗೆ ಹೋಯಿತು. ಒಬ್ಬರು ಗಾಳಿ ಎಂದರು, ಇನ್ನೊಬ್ಬರು ಮದ್ದು ಎಂದರು, ಬಂದೂಕು ರಿಪೇರಿಯವರು ನಳಿಗೆ ಸವೆದಿದೆ ಎಂದರು. ಹೊಸ ನಳಿಗೆ, ಕೂರಿಸಿದ ಕೂಲಿ ಸೇರಿ 750 ಡಾಲರ್. ಮತ್ತೆ ಅದೇ ಕಥೆ. ಕೊನೆಗೆ ರೈಫಲನ್ನು ಅಲುಗಾಡದಂತೆ ಬಿಗಿದು, 100 ಗಜದಲ್ಲಿ ಅಳತೆಯ ಹಲಗೆ ನಿಲ್ಲಿಸಿ, ಟರೆಟ್ಟನ್ನು 30 ಎಂಒಎ (ಕೋನದ ಅಳತೆ; ಒಂದು ಎಂಒಎ ಎಂದರೆ 100 ಗಜದಲ್ಲಿ ಇಂಚಿಗಿಂತ ತುಸು ಹೆಚ್ಚು) ತಿರುಗಿಸಿದೆ. ರೆಟಿಕಲ್ (ಸ್ಕೋಪಿನೊಳಗಿನ ಗುರಿಗೆರೆ) 31.4 ಇಂಚು ಸರಿಯಬೇಕು, 30.5ಕ್ಕೇ ನಿಂತಿತು. ಹಿಂದಕ್ಕೆ ತಿರುಗಿಸಿದರೆ ಸೊನ್ನೆಗೆ ಮರಳಲಿಲ್ಲ. ಕಂಪನಿಗೆ ಕಳುಹಿಸಿದೆ, ವಿಮೆ ಸೇರಿ 48 ಡಾಲರ್ ಅಂಚೆವೆಚ್ಚ ನನ್ನದೇ. ಎರಡು ತಿಂಗಳ ನಂತರ 'ದೋಷ ಕಂಡುಬಂದಿಲ್ಲ' ಎಂಬ ಚೀಟಿಯೊಂದಿಗೆ ವಾಪಸ್ ಬಂತು! ಆಮೇಲೆ ನೈಟ್‌ಫೋರ್ಸ್ ಕಂಪನಿಯ ಕಾಂಪಿಟಿಷನ್ 15-55 (15ರಿಂದ 55 ಪಟ್ಟು) ಕೊಂಡೆ. ಬೆಲೆ ಎರಡು ಪಟ್ಟಿಗಿಂತ ಹೆಚ್ಚು. ಎಂಟನೇ ಒಂದು ಎಂಒಎ ಕ್ಲಿಕ್, ಕೂದಲೆಳೆಯಂಥ ರೆಟಿಕಲ್, ಇಟ್ಟ ಅಂಕಿಯಿಂದ ಒಂದು ಕ್ಲಿಕ್ ಕೂಡ ಕದಲಿಲ್ಲ. ಹಣ ಕೂಡಿಡಿ, ಕೊಂಡರೆ ಅದನ್ನೇ ಕೊಳ್ಳಿ.

ಡಲ್ಲಾಸ್‌ನಿಂದ:
ಹೀಗೆ ಹೆದರಿಸಿದರೆ ಹೊಸಬರು ಈ ಕ್ರೀಡೆಗೆ ಬರುವುದಾದರೂ ಹೇಗೆ? ನನ್ನದು ಸೈಟ್ರಾನ್ ಕಂಪನಿಯ ಎಸ್3, 8-32. ಮೊದಲ ನಳಿಗೆ ಸವೆದು ಎರಡನೆಯದೂ ಮುಗಿಯುತ್ತ ಬಂದಿದೆ, ಸ್ಕೋಪ್ ಮಾತ್ರ ಅದೇ. ಟೆಕ್ಸಸ್‌ನ ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತು ಗಂಟೆಯಾದರೆ ಬಿಸಿಲಿನ ಝಳಕ್ಕೆ ಗುರಿಹಲಗೆಯೇ ಕುದಿಯುತ್ತದೆ. 55 ಪಟ್ಟಿಗೆ ಇಟ್ಟವರೆಲ್ಲ ಆಗ 25ಕ್ಕೆ ಇಳಿಸುತ್ತಾರೆ. ಇಳಿಸುವುದಕ್ಕೆ ಒಂದೂವರೆ ಸಾವಿರ ಹೆಚ್ಚು ಕೊಡಬೇಕೇ? 600 ಗಜದಲ್ಲಿ ಹತ್ತರ ನಟ್ಟನಡುವಿನ ಎಕ್ಸ್ ಸುತ್ತು ಮೂರು ಇಂಚು; 32 ಪಟ್ಟಿನಲ್ಲಿ ನನಗೆ ಸ್ಪಷ್ಟವಾಗಿ ಕಾಣುತ್ತದೆ. ತೂಕವನ್ನೂ ಯೋಚಿಸಿ. ರೈಫಲ್‌ಗೆ ಸ್ಕೋಪ್, ಬೈಪಾಡ್ ಸೇರಿ 8.25 ಕಿಲೋ ಮಿತಿ. ಗೆಳೆಯರೊಬ್ಬರು ಭಾರಿ ಸ್ಕೋಪ್ ಕೂರಿಸಿ, ತಕ್ಕಡಿಯಲ್ಲಿ 60 ಗ್ರಾಂ ಹೆಚ್ಚಾಗಿ, ಹಿಂಬದಿಯ ರಬ್ಬರ್ ಪ್ಯಾಡ್ ಕಳಚಿ ಹೊಡೆದರು. ಸಂಜೆಗೆ ಅವರ ಭುಜ ಕಪ್ಪಿಟ್ಟಿತ್ತು. ಉಳಿದ ಹಣಕ್ಕೆ ಒಳ್ಳೆಯ ಗುಂಡು ಕೊಳ್ಳಿ.

ಫೀನಿಕ್ಸ್‌ನಿಂದ:
ಸರ್, ಝಳ ಕಂಡೊಡನೆ ಪಟ್ಟು ಇಳಿಸುವವರು ಗಾಳಿಯನ್ನು ಓದುವುದು ಯಾವುದರಿಂದ? ಝಳ ಯಾವ ಕಡೆಗೆ ಹರಿಯುತ್ತಿದೆ, ಎಲ್ಲಿ ತಿರುಗಿತು ಎಂಬುದು ಹೆಚ್ಚಿನ ಪಟ್ಟಿನಲ್ಲಿಯೇ ತಿಳಿಯುತ್ತದೆ. ಹತ್ತು ಮೈಲಿ ವೇಗದ ಅಡ್ಡಗಾಳಿ .308 ಗುಂಡನ್ನು 1000 ಗಜದಲ್ಲಿ ಆರು ಅಡಿಗೂ ಹೆಚ್ಚು ತಳ್ಳುತ್ತದೆ. ನೀವು 600ರ ಲೆಕ್ಕವನ್ನು 1000ಕ್ಕೆ ಹಚ್ಚುತ್ತಿದ್ದೀರಿ.

ಡಲ್ಲಾಸ್‌ನಿಂದ:
1000 ಗಜದಲ್ಲಿ ನಾನು ಪದಕ ಗೆದ್ದದ್ದೂ ಇದೇ 32 ಪಟ್ಟಿನಲ್ಲಿ. ಝಳ ಓದಲು ಪಕ್ಕದಲ್ಲಿ ಬೇರೆಯದೇ ಸ್ಪಾಟಿಂಗ್ ಸ್ಕೋಪ್ (ಬರೀ ನೋಡುವ ದೂರದರ್ಶಕ) ಇಟ್ಟಿರುತ್ತೇನೆ. ಲೆಕ್ಕ ನನಗೂ ಬರುತ್ತದೆ.

ಮಡಿಕೇರಿಯಿಂದ:
ಇಬ್ಬರೂ ಸುಮ್ಮನಿರಿ. ನನ್ನ ಮಗಳು 50 ಮೀಟರ್ ಸ್ಪರ್ಧೆಯಲ್ಲಿ .22 ರೈಫಲ್ ಹೊಡೆಯುತ್ತಾಳೆ. ಅಲ್ಲಿ ಹತ್ತರ ಸುತ್ತು 10.4 ಮಿಲಿಮೀಟರ್. ನಿಮ್ಮ ಲೆಕ್ಕದಲ್ಲಿ ಮುಕ್ಕಾಲು ಎಂಒಎಗಿಂತ ಕಡಿಮೆ, ನಿಮ್ಮ ಹತ್ತು ಪೂರ್ತಿ ಒಂದು ಎಂಒಎ. ಅವಳಿಗೆ ದೂರದರ್ಶಕವಿಲ್ಲ, ಬೈಪಾಡ್ ಇಲ್ಲ. ಪೀಪ್ ಸೈಟ್ (ಸಣ್ಣ ಕಿಂಡಿಯಲ್ಲಿ ನೋಡಿ ಗುರಿಯಿಡುವ ಸಾಧನ), ತೋಳಿಗೆ ಬಿಗಿದ ಪಟ್ಟಿ, ಅಷ್ಟೇ. ಕೈಲ್ ಮುಹೂರ್ತದ ಹಬ್ಬಕ್ಕೆ ತೆಂಗಿನಕಾಯಿ ಹೊಡೆದು ಬೆಳೆದ ಮಕ್ಕಳು ನಮ್ಮವರು. ಆಮದು ಪೀಪ್ ಸೈಟಿಗೆ ಕಾಫಿ ಮಾರಿದ ಹಣ ಹೋಯಿತು. ಪಂದ್ಯದ ಗುಂಡು ಒಂದೊಂದಕ್ಕೂ ಲೆಕ್ಕ, ಕ್ಲಬ್‌ಗೆ ಬರುವ ಪಾಲು ಮುಗಿದರೆ ಅಭ್ಯಾಸವೇ ನಿಲ್ಲುತ್ತದೆ. ಸ್ವಪ್ನಿಲ್ ಕುಸಾಲೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದು ಪೀಪ್ ಸೈಟಿನಲ್ಲಿ. ನೆಲದ ಮೇಲೆ ಬೈಪಾಡ್ ಊರಿ, 55 ಪಟ್ಟು ದೊಡ್ಡದು ಮಾಡಿ ಹೊಡೆಯುವುದನ್ನು ಗುರಿಗಾರಿಕೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಫೀನಿಕ್ಸ್‌ನಿಂದ:
ಅಣ್ಣಾ, ನಿಮ್ಮ ಮಗಳ ಬಗ್ಗೆ ಗೌರವವಿದೆ. ಆದರೆ ಈ ಮಾತು ಅನ್ಯಾಯ. 1000 ಗಜದಲ್ಲಿ ಒಂದು ದಿನ ಮಲಗಿ ಹೊಡೆದು ನೋಡಿ, ಆಮೇಲೆ ಹೇಳಿ.

ಸರ್ರೆಯಿಂದ:
ನಾನು ಇಲ್ಲಿಯ ಬಿಸ್ಲಿ ರೇಂಜಿನಲ್ಲಿ ಪೀಪ್ ಸೈಟ್, ಸ್ಕೋಪ್ ಎರಡರಲ್ಲೂ ಹೊಡೆದವನು. ಇಲ್ಲಿಯ ದೊಡ್ಡ ಪಂದ್ಯವಾದ ಕಿಂಗ್ಸ್ ಪ್ರೈಜ್‌ನ ಅಂತಿಮ ಸುತ್ತು 900 ಮತ್ತು 1000 ಗಜ, ಪೀಪ್ ಸೈಟಿನಲ್ಲಿಯೇ. ಹಾಗಾಗಿ ಮಡಿಕೇರಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಎಫ್-ಕ್ಲಾಸ್ (ಎಫ್-ಟಿಆರ್ ಇದರದೇ ಒಂದು ವಿಭಾಗ) ಹುಟ್ಟಿದ್ದೇ ಕಣ್ಣು ಮಂಜಾದ ಹಿರಿಯ ಶೂಟರ್‌ಗಳಿಗಾಗಿ. ಆರಂಭಿಸಿದವರು ಕೆನಡಾದ ಜಾರ್ಜ್ ಫರ್ಕರ್ಸನ್. ನನಗೂ ಮುಂಬದಿಯ ಸೈಟಿನ ಉಂಗುರ ಎರಡಾಗಿ ಕಾಣತೊಡಗಿದ ಮೇಲೆ ಸ್ಕೋಪಿಗೆ ಬಂದೆ. ಅದಕ್ಕೆ ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಮಾರ್ಚ್ ಕಂಪನಿಯ 10-60 ಸ್ಕೋಪ್ ಕೊಂಡೆ, ಕಾರು ಬದಲಾಯಿಸುವುದನ್ನು ಮುಂದೂಡಿದೆ. ಮೋಡದ ದಿನಗಳೇ ಹೆಚ್ಚಿರುವ ಇಲ್ಲಿ 50 ಪಟ್ಟಿಗಿಂತ ಕೆಳಗಿಳಿಸಬೇಕಾದದ್ದು ಅಪರೂಪ. ಡಲ್ಲಾಸ್‌ನ ಬಿಸಿಲನ್ನು ಎಲ್ಲರ ಮೇಲೂ ಹೇರಬೇಡಿ.

ಹ್ಯೂಸ್ಟನ್‌ನಿಂದ:
ಎಲ್ಲರಿಗೂ ವಂದನೆಗಳು. ನಾನಿರುವುದು ಬಿಸಿಲಿನಲ್ಲೇ. ಕನ್ನಡಕದ ವಿಷಯ ಯಾರಾದರೂ ಹೇಳುವಿರಾ?

ಡಲ್ಲಾಸ್‌ನಿಂದ:
ಕನ್ನಡಕ ಹಾಕಿಕೊಂಡೇ, ಸ್ಕೋಪನ್ನು ಬರಿಯ ಆಕಾಶಕ್ಕೆ ಹಿಡಿದು, ರೆಟಿಕಲ್ ಥಟ್ಟನೆ ಚೂಪಾಗಿ ಕಾಣುವವರೆಗೆ ಕಣ್ಣಿನ ಬದಿಯ ಉಂಗುರ ತಿರುಗಿಸಿ, ಅಲ್ಲಿಗೇ ಬಿಗಿಯಿರಿ. ಗುರಿ ಸ್ಪಷ್ಟವಾಗಲು ಪ್ಯಾರಲಾಕ್ಸ್ ಗುಂಡಿ ಬೇರೆ, ಎರಡನ್ನೂ ಬೆರೆಸಬೇಡಿ. 1000 ಗಜಕ್ಕೆ ಸ್ಕೋಪ್ ಕೂರಿಸುವ 20 ಎಂಒಎ ಇಳಿಜಾರಿನ ರೈಲ್ ಈಗಲೇ ಹಾಕಿಸಿ; 100 ಗಜಕ್ಕೆ ಗುರಿ ಹೊಂದಿಸಿದ ಜೀರೋದಿಂದ .308ಕ್ಕೆ 30 ಎಂಒಎ ಆಸುಪಾಸು, ಹಲವು ಗುಂಡುಗಳಿಗೆ ಇನ್ನೂ ಹೆಚ್ಚು, ಏರಿಸಬೇಕಾಗುತ್ತದೆ. ಇನ್ನು ಸರ್ರೆಯವರೇ, ಪ್ರಶ್ನೆ ಕೇಳಿದವರು ಟೆಕ್ಸಸ್‌ನವರು. ಇಲ್ಲಿಯ ಬಿಸಿಲನ್ನು ಹೇಳದೆ ಬಿಸ್ಲಿಯ ಮೋಡವನ್ನು ಹೇಳಲೇ?

ಮಡಿಕೇರಿಯಿಂದ:
ಫೀನಿಕ್ಸ್‌ನವರಿಗೆ: 1000 ಗಜದ ರೇಂಜ್ ನಮ್ಮ ಊರಿನಲ್ಲಿ ಯಾರು ಕಟ್ಟಿಸಿದ್ದಾರೆ? ನೀವು ಒಂದು ಸ್ಕೋಪಿಗೆ ಸುರಿಯುವ ಹಣದಲ್ಲಿ ನನ್ನ ಮಗಳು ಒಂದು ವರ್ಷ ಅಭ್ಯಾಸ ಮಾಡುತ್ತಾಳೆ. ಮಲಗಿ ಹೊಡೆದು ನೋಡಿ ಎನ್ನುವ ಮೊದಲು ನೀವು ಒಂದು ದಿನ ಪೀಪ್ ಸೈಟಿನಲ್ಲಿ ಅರವತ್ತು ಗುಂಡು ಹೊಡೆದು ಅಂಕಪಟ್ಟಿ ಕಳುಹಿಸಿ.