ಮಗನಿಂದ ಯಜಮಾನರಿಗೂ ಅಮ್ಮ (ಚಿಕನ್‌ಪಾಕ್ಸ್) ಬಂದಿದೆ, ಕೆಮ್ಮು ಶುರುವಾಗಿದೆ

ಪ್ರಶ್ನೆ:
ಆರು ವರ್ಷದ ಮಗನಿಗೆ ಅಮ್ಮ ಆಗಿ ಈಗ ಹಕ್ಕಳೆ ಉದುರುತ್ತಿದೆ, ಆಟಕ್ಕೂ ಇಳಿದಿದ್ದಾನೆ. ಯಜಮಾನರಿಗೆ ನಿನ್ನೆ ಸಂಜೆ ಬೆನ್ನ ಮೇಲೆ ನೀರುಗುಳ್ಳೆ ಎದ್ದವು, ಬೆಳಗ್ಗೆ ಬಾಯೊಳಗೂ ಇವೆ. ಜ್ವರ 103. ರಾತ್ರಿಯಿಂದ ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಅತ್ತೆ ಬೇವಿನ ಸೊಪ್ಪು ಹಾಸಿ ಮಲಗಿಸಿದ್ದಾರೆ, ಔಷಧಿ ಬೇಡ ಅಂತಾರೆ. ಬಸುರಿ ತಂಗಿ ಮೊನ್ನೆ ಬಂದು ಹೋದಳು. ತುಂಬಾ ಭಯ ಆಗ್ತಿದೆ.

ಉತ್ತರ 1:
ಅಕ್ಕಾ, ಏದುಸಿರು ಇದ್ದರೆ ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ. ದೊಡ್ಡವರಲ್ಲಿ ಇದು ನ್ಯುಮೋನಿಯಾಕ್ಕೆ ತಿರುಗಬಹುದು, ಸಿಗರೇಟ್ ಸೇದುವವರಿಗೆ ಅಪಾಯ ಇನ್ನೂ ಜಾಸ್ತಿ. ವೈರಸ್ ತಡೆಯುವ ಔಷಧಿ ಅಸೈಕ್ಲೊವಿರ್, ಗುಳ್ಳೆ ಎದ್ದ 24 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಅಮ್ಮ ಆಗಿದೆ ಅಂತ ಮೊದಲೇ ಫೋನ್ ಮಾಡಿ ಹೇಳಿ, ಬೇರೆ ರೋಗಿಗಳಿಂದ ದೂರ ಕೂರಿಸುತ್ತಾರೆ.

ಉತ್ತರ 2:
ತಂಗಿಗೆ ಚಿಕ್ಕಂದಿನಲ್ಲಿ ಇದು ಆಗಿತ್ತಾ, ನಿಮ್ಮ ತಾಯಿಯನ್ನು ಕೇಳಿ. ಆಗಿಲ್ಲದಿದ್ದರೆ ಇವತ್ತೇ ಅವಳ ಹೆರಿಗೆ ಡಾಕ್ಟರಿಗೆ ತಿಳಿಸಿ. ಬಸುರಿಯರಿಗೆ ಲಸಿಕೆ ಹಾಕುವುದಿಲ್ಲ, ಆದರೆ ಇಮ್ಯುನೊಗ್ಲಾಬ್ಯುಲಿನ್ (ರೋಗದ ವಿರುದ್ಧ ಹೋರಾಡುವ ಸಿದ್ಧ ಪ್ರತಿಕಾಯ) ಚುಚ್ಚುಮದ್ದು ಇದೆ. ಅದನ್ನು ಬೇಗ ಕೊಡಬೇಕು.

ಉತ್ತರ 3:
ಮಗನ ಮೇಲೂ ಕಣ್ಣಿಡಿ. ನನ್ನ ಮಗಳು ಗುಳ್ಳೆ ಒಣಗಿದ ಮೇಲೆ ತೂರಾಡುತ್ತಾ ನಡೆದಳು, ಲೋಟ ಹಿಡಿದರೆ ಕೈ ನಡುಕ. ಕಿರುಮೆದುಳಿಗೆ ಉರಿಯೂತ ಅಂದರು, ನಿಧಾನವಾಗಿ ಸರಿಹೋಯಿತು. ಉಗುರು ಕತ್ತರಿಸಿ, ಕೆರೆದರೆ ಕೀವಾಗುತ್ತದೆ. ಮಕ್ಕಳಿಗೆ ಆಸ್ಪಿರಿನ್ ಮಾತ್ರ ಕೊಡಲೇಬೇಡಿ.