ಮಗಳ ಮುಟ್ಟಿನ ಹೊಟ್ಟೆನೋವಿಗೆ ನೀವೆಲ್ಲ ಏನ್ ಮಾಡಿದ್ರಿ?

ಅಕ್ಕಂದಿರಾ, ಮಗಳಿಗೆ 14 ವರ್ಷ, ದೊಡ್ಡವಳಾಗಿ ಒಂದೂವರೆ ವರ್ಷ ಆಯ್ತು. ಮೊದಲೆಲ್ಲ ಏನೂ ಇರ್ಲಿಲ್ಲ, ಈಗ ನಾಲ್ಕು ತಿಂಗಳಿಂದ ಮೊದಲನೇ ದಿನ ಮುದುರ್ಕೊಂಡು ಮಲಗಿಬಿಡ್ತಾಳೆ, ಒಂದೊಂದ್ಸಲ ವಾಂತಿ ಬೇರೆ. ಅತ್ತೆ ಇದೆಲ್ಲ ಇದ್ದಿದ್ದೇ ಅಂತಾರೆ, ಮಾತ್ರೆ ಕೊಡೋಕೆ ನಂಗೆ ಭಯ.

—

ನಮ್ಮನೇಲೂ ಇದೇ ಕತೆ ಆಗಿತ್ತು ರೀ. ಡಾಕ್ಟ್ರು ಹೇಳಿದ್ದು, ಶುರುವಲ್ಲಿ ಎಷ್ಟೋ ತಿಂಗಳು ಅಂಡಾಣು ಬಿಡುಗಡೆನೇ ಆಗಿರಲ್ಲ ಅದಕ್ಕೆ ನೋವು ಕಮ್ಮಿ, ಅದು ಸರಿಯಾಗಿ ಆಗೋಕೆ ಶುರುವಾದ್ಮೇಲೇ ಈ ಕಾಟ. ಗರ್ಭಕೋಶದ ಒಳಪದರದಲ್ಲಿ ಪ್ರೋಸ್ಟಗ್ಲಾಂಡಿನ್ ಅಂತ ಒಂದು ರಾಸಾಯನಿಕ ತಯಾರಾಗುತ್ತಂತೆ, ಅದು ಗರ್ಭಕೋಶನ ಒದ್ದೆ ಬಟ್ಟೆ ಹಿಂಡ್ದಂಗೆ ಹಿಂಡೋದು, ವಾಂತಿ ಭೇದಿನೂ ಅದರದ್ದೇ ಕಿತಾಪತಿ. ಮೆಫೆನಾಮಿಕ್ ಆಸಿಡ್, ಐಬುಪ್ರೊಫೆನ್ ಅನ್ನೋ ನೋವಿನ ಮಾತ್ರೆಗಳು ಆ ರಾಸಾಯನಿಕ ತಯಾರಾಗೋದನ್ನೇ ತಡೆಯೋದು. ನಾವು ಮಾಡ್ತಿದ್ದ ತಪ್ಪು ಅಂದ್ರೆ ಅವಳು ಅಳೋ ತನಕ ಕಾದು ಆಮೇಲೆ ಕೊಡ್ತಿದ್ವಿ, ಅಷ್ಟೊತ್ತಿಗೆ ಅದೂ ವಾಂತಿಲೇ ಹೋಗೋದು. ಈಗ ನೋವು ಶುರು ಅಂದ ತಕ್ಷಣ ಎರಡು ಇಡ್ಲಿ ತಿನ್ನಿಸಿ ಕೊಡ್ತೀನಿ, ಸ್ಕೂಲಿಗೂ ಹೋಗ್ತಾಳೆ. ಡೋಸ್ ಮಾತ್ರ ಡಾಕ್ಟ್ರನ್ನೇ ಕೇಳಿ, ಗ್ಯಾಸ್ಟ್ರಿಕ್ ಅಲ್ಸರ್, ಅಸ್ತಮಾ ಇದ್ರೆ ಮೊದ್ಲೇ ಹೇಳಿಬಿಡಿ.

—

ಮೇಲಿನವರು ಹೇಳಿದ್ದು ಸರಿ, ಒಂದು ಸೇರಿಸ್ತೀನಿ. ಮೆಫೆನಾಮಿಕ್‌ನಿಂದ ತೀವ್ರ ಅಲರ್ಜಿ ಆಗಬಹುದು ಅಂತ 2023ರಲ್ಲಿ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ (ಔಷಧಿಗಳ ಗುಣಮಟ್ಟ, ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ) ಎಚ್ಚರಿಕೆ ಕೊಟ್ಟಿತ್ತು, ಅಪರೂಪ, ಆದ್ರೂ ಮಾತ್ರೆ ತಗೊಂಡ್ಮೇಲೆ ಜ್ವರ, ಮೈಮೇಲೆ ಗಂದೆ ಎದ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

—

ನಾನು ಪಿಜಿಲಿ ಇರೋಳು, ಬಿಸಿನೀರಿನ ಬ್ಯಾಗ್ ಇಲ್ಲ. ಸ್ಟೀಲ್ ಬಾಟ್ಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಕೆಳಹೊಟ್ಟೆ ಮೇಲೆ ಇಟ್ಕೊಂಡ್ರೆ ಅರ್ಧ ಗಂಟೆಲಿ ಸೊಂಟ ಬಿಡುತ್ತೆ. ಟವೆಲ್ ಮರೀಬೇಡಿ, ನಂಗೆ ಒಂದ್ಸಲ ಬೊಬ್ಬೆ ಬಂದಿದೆ. ಓಮದ ಕಷಾಯ ಅಜ್ಜಿ ಕೊಡೋರು, ನೋವಿಗೆ ಅಂತೂ ಏನೂ ಆಗ್ಲಿಲ್ಲ, ಹೊಟ್ಟೆ ಉಬ್ಬರ ಇಳೀತು ಅಷ್ಟೆ.

—

ಇದ್ದಿದ್ದೇ, ಮದ್ವೆ ಆದ್ರೆ ಸರಿಹೋಗುತ್ತೆ ಅಂತ ಕೇಳ್ಕೊಂಡೇ ನಂಗೆ 29 ಆಯ್ತು, ಆಮೇಲೆ ಗೊತ್ತಾಗಿದ್ದು ಎಂಡೊಮೆಟ್ರಿಯೋಸಿಸ್, ಅಂದ್ರೆ ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯೋ ಕಾಯಿಲೆ. ಮುಟ್ಟಿಗೆ ಎರಡು ಮೂರು ದಿನ ಮುಂಚೆನೇ ನೋವು, ನಿಂತ ಮೇಲೂ ನೋವು, ಟಾಯ್ಲೆಟ್‌ಗೆ ಹೋದ್ರೆ ಪ್ರಾಣ ಹೋದಂಗೆ. ಸ್ಕ್ಯಾನಿಂಗ್ ನಾರ್ಮಲ್ ಬಂದಿತ್ತು, ಅದಿದ್ರೂ ಎಷ್ಟೋ ಸಲ ನಾರ್ಮಲ್ಲೇ ಬರುತ್ತೆ. ಮಾತ್ರೆ ಸರಿಯಾದ ಟೈಮಿಗೆ ಕೊಟ್ಟೂ ಎರಡು ಮೂರು ತಿಂಗಳು ಬಗ್ಗಲಿಲ್ಲ ಅಂದ್ರೆ ಸುಮ್ನಿರಬೇಡಿ ಪ್ಲೀಸ್.

—

ಎಲ್ರಿಗೂ ಥ್ಯಾಂಕ್ಸ್. ಶನಿವಾರ ಡಾಕ್ಟ್ರ ಹತ್ರ ಹೋಗ್ತಿದೀವಿ. ಇವತ್ತು ಬಾಟ್ಲಿ ಐಡಿಯಾ ಮಾಡಿದ್ವಿ, ಟವೆಲ್ ಸುತ್ತಿಕೊಟ್ಟಿದ್ದು ಅತ್ತೆನೇ.