ಆಟದ ‘ಪೇಸಿಂಗ್’ಗೆ ಕನ್ನಡದಲ್ಲಿ ಏನನ್ನೋಣ? ಗತಿ, ನಡೆ, ಓಟ, ಹದ

‘ಪೇಸಿಂಗ್’ಗೆ, ಅಂದರೆ ಕತೆಯಲ್ಲಿ ಎಲ್ಲಿ ನಿಲ್ಲಬೇಕು ಎಲ್ಲಿ ಬೇಗ ದಾಟಿಸಬೇಕು ಅನ್ನುವ ಅಳತೆಗೆ, ಕನ್ನಡದ ಒಂದು ಪದ ಬೇಕಾಗಿದೆ. ಅದು ಎಲ್ಲಿಗೆ ಬೇಕು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ‘ವೇಗ ಅಂತ ಹಾಕಿ’ ಅನ್ನುವ ಉತ್ತರ ಬರುತ್ತದೆ. ವೇಗ ಇಲ್ಲಿಗೆ ಆಗುವುದಿಲ್ಲ.

ತುಮಕೂರಿನಲ್ಲಿ ನಾವು ಆರು ಜನ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಆಟ ಇದು. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ಹಿಡಿದು ‘ನಾನು ಹೀಗೆ ಮಾಡ್ತೀನಿ’ ಅನ್ನುತ್ತಾರೆ, ಅದು ಆಗುತ್ತದೋ ಇಲ್ಲವೋ ಅಂತ ಅನುಮಾನ ಬಂದ ಕಡೆ ಇಪ್ಪತ್ತು ಮುಖದ ದಾಳ ಎಸೆದು ನೋಡುತ್ತೇವೆ. ಮಾತೆಲ್ಲ ಕನ್ನಡವೇ. ಕತೆ ನಡೆಸುವವರನ್ನು ಭಾಗವತ ಅಂತೀವಿ, ನಮ್ಮ ಕಡೆಯ ಮೂಡಲಪಾಯ ಯಕ್ಷಗಾನದಲ್ಲಿ ಹಾಡಿ ಆಟ ನಡೆಸುವವರಿಂದ ತಗೊಂಡ ಹೆಸರು. ಸರದಿ, ಪೆಟ್ಟು, ಗಾಯ, ಬೇಟೆ ಎಲ್ಲ ಸಲೀಸಾಗಿ ಬಾಯಿಗೆ ಬಂದವು. ಬರದೆ ಉಳಿದಿರುವುದು ಪೇಸಿಂಗ್ ಒಂದೇ.

ಹೋದ ತಿಂಗಳು ಒಂದು ದಿನ ಭಾಗವತಿಕೆ ನನ್ನದಿತ್ತು. ಎರಡೂವರೆಗೆ ಕೂತೆವು. ಬೆಟ್ಟದ ಮೇಲಿನ ಪಾಳು ಕೋಟೆ, ಮುಂದೆ ಒಂದು ಬಾಗಿಲು. ಅದನ್ನು ಒಡೆಯೋದಾ, ಸುತ್ತು ಹಾಕೋದಾ, ಮಂತ್ರ ಹಾಕೋದಾ ಅಂತ ಮಾತು ಶುರುವಾಗಿ ನಲವತ್ತು ನಿಮಿಷ ಹೋಯಿತು. ಬಾಗಿಲಿಗೆ ಬೀಗವೇ ಇರಲಿಲ್ಲ. ಅವರ ಆಟ, ಅವರೇ ಆಡಲಿ ಅಂತ ನಾನು ಸುಮ್ಮನಿದ್ದೆ. ನಮ್ಮಲ್ಲಿ ಒಬ್ಬಳು ಚುರುಮುರಿ ತಟ್ಟೆಯಲ್ಲಿ ಉಳಿದಿದ್ದ ಕಡಲೆಬೀಜ ಆರಿಸಿ ಮೇಜಿನ ಅಂಚಿಗೆ ಸಾಲಾಗಿ ಜೋಡಿಸುತ್ತಾ ಕೂತಿದ್ದಳು. ಹನ್ನೊಂದನೆಯದು ಇಟ್ಟು ತಲೆ ಎತ್ತಿ, ‘ಎಳೀತಿದೆ ಅಲ್ವಾ?’ ಅಂದಳು.

ಆಮೇಲೆ ಒಳಗೆ ಕಾಳಗ. ಈ ಆಟದ 2014ರ ನಿಯಮದಲ್ಲಿ ಕಾಳಗದ ಒಂದು ಸುತ್ತು ಅಂದರೆ ಕತೆಯ ಒಳಗೆ ಆರು ಸೆಕೆಂಡು. ಐದು ಸುತ್ತು ಆಡಿದೆವು, ಅಂದರೆ ಕತೆಯಲ್ಲಿ ಬರೀ ಅರ್ಧ ನಿಮಿಷ. ಮೇಜಿನ ಮೇಲೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಆದರೂ ಒಬ್ಬರೂ ಮೊಬೈಲ್ ಮುಟ್ಟಲಿಲ್ಲ, ಯಾರಿಗೂ ಎಳೆದ ಹಾಗೆ ಅನ್ನಿಸಲಿಲ್ಲ. ಅದೇ ಕೊನೆಗೆ, ಹೊತ್ತಾಯಿತು ಅಂತ, ಒಂದು ಪಾತ್ರ ನಾಲ್ಕು ವಾರದಿಂದ ಹುಡುಕುತ್ತಿದ್ದ ತನ್ನ ತಮ್ಮ ಸಿಕ್ಕಿದ ಜಾಗವನ್ನು ನಾನು ಎರಡು ಮಾತಿನಲ್ಲಿ ಮುಗಿಸಿಬಿಟ್ಟೆ. ಆ ಪಾತ್ರ ಆಡುತ್ತಿದ್ದ ಹುಡುಗ ‘ಇಷ್ಟೇನಾ?’ ಅಂದ. ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ.

ಈಗ ನೋಡಿ. ನಲವತ್ತು ನಿಮಿಷ ಜಾಸ್ತಿಯಾಯಿತು, ಎಪ್ಪತ್ತು ನಿಮಿಷ ಸರಿಹೋಯಿತು, ಎರಡು ಮಾತು ಸಾಲಲಿಲ್ಲ. ಇಲ್ಲಿ ನಿಧಾನ ಅಂದರೆ ಕೆಟ್ಟದ್ದಲ್ಲ, ಬೇಗ ಅಂದರೆ ಒಳ್ಳೆಯದೂ ಅಲ್ಲ. ಮೂರು ದಿನದ ದಾರಿಯನ್ನು ಒಂದೇ ಉಸಿರಿನಲ್ಲಿ ದಾಟಿಸಿ, ಒಂದು ಕತ್ತಿಯ ಏಟಿಗೆ ಐದು ನಿಮಿಷ ನಿಲ್ಲುವುದಿದೆಯಲ್ಲ, ಎಲ್ಲಿ ನಿಲ್ಲಬೇಕು ಎಲ್ಲಿ ದಾಟಿಸಬೇಕು ಅಂತ ಆಡಿಸುವವರು ಕೂತಲ್ಲೇ ಅಳೆಯುವುದು, ಅದಕ್ಕೆ ಹೆಸರು ಬೇಕು.

ನಮಗೆ ತೋಚಿದ ಪದಗಳು ಇವು.

ಗತಿ. ನಿಘಂಟು ನೋಡಿದರೆ ಇದೇ ಸರಿ. ಆದರೆ ಆಡುಮಾತಿನಲ್ಲಿ ಗತಿ ಬೇರೆಯೇ ದಾರಿ ಹಿಡಿದಿದೆ. ‘ಆಟದ ಗತಿ ಏನಾಯಿತು’ ಅಂದರೆ ಆಟ ಹಾಳಾಯಿತಾ ಅಂತ ಕೇಳಿದ ಹಾಗೆ. ಗತಿಗೆಟ್ಟ, ಗತಿಯಿಲ್ಲದ, ನಮಗೇನು ಗತಿ, ಇವೆಲ್ಲ ಬೆನ್ನಿಗೆ ಬರುತ್ತವೆ.

ನಡೆ ನನಗೆ ತುಂಬಾ ಇಷ್ಟದ ಪದ. ಛಂದಸ್ಸಿನಲ್ಲೂ ತಾಳದಲ್ಲೂ ಇದೇ ಕೆಲಸ ಮಾಡುತ್ತದೆ. ರಗಳೆಗಳನ್ನೇ ನೋಡಿ, ಉತ್ಸಾಹಕ್ಕೆ ಮೂರು ಮಾತ್ರೆಯ ಗಣ, ಮಂದಾನಿಲಕ್ಕೆ ನಾಲ್ಕು, ಲಲಿತಕ್ಕೆ ಐದು, ಅಷ್ಟಕ್ಕೇ ಒಂದೊಂದರ ನಡೆ ಬೇರೆ. ತೊಡಕು ಏನೆಂದರೆ ಆಟದ ಮೇಜಿನ ಮೇಲೆ ‘ನಡೆ’ ಅಂದರೆ ಚದುರಂಗದ ನಡೆ, ‘ನಿನ್ನ ನಡೆ ಏನು?’ ಅಂತ ದಿನಾ ಕೇಳುತ್ತೇವೆ. ಒಂದೇ ಪದ ಎರಡು ಕಡೆ ಬಂದರೆ ಹೊಸಬರು ತಬ್ಬಿಬ್ಬಾಗುತ್ತಾರೆ. ಬಿಡಲು ಮನಸ್ಸಿಲ್ಲ, ಇಟ್ಟುಕೊಳ್ಳಲೂ ಆಗುತ್ತಿಲ್ಲ.

ಲಯಕ್ಕೆ ಸಂಗೀತದ ವಾಸನೆ ಜಾಸ್ತಿ. ‘ಲಯವಾಯಿತು’ ಅಂದರೆ ಮುಗಿದೇ ಹೋಯಿತು ಅಂತಲೂ ಆಗುತ್ತದೆ. ‘ಕತೆಯ ಓಟ’ ಅಂತ ವಿಮರ್ಶೆಯಲ್ಲಿ ಬರೆಯುತ್ತಾರೆ, ಚೆನ್ನಾಗಿದೆ, ಆದರೆ ನಿಂತ ಗಳಿಗೆಗೆ ಓಟದಲ್ಲಿ ಜಾಗವಿಲ್ಲ.

ಒಂದು ವಿಷಯ ಗಮನಿಸಿದೆ. ತಪ್ಪಿದಾಗ ಹೇಳಲು ನಮ್ಮಲ್ಲಿ ಮಾತು ಬೇಕಾದಷ್ಟಿವೆ. ರಾಗ ಎಳೀಬೇಡ, ದಡಬಡ ಮುಗಿಸಿದ, ಜಗ್ಗಾಡ್ತಿದೆ, ಶಾಸ್ತ್ರಕ್ಕೆ ಮಾಡಿದ. ಸರಿಯಾಗಿ ನಡೆದಾಗ ಮಾತ್ರ ‘ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ’ ಅಂತೀವಿ. ಅದು ನೋಡಿದವರ ಮಾತು. ಆಡಿಸಿದವರ ಕೈಯ ಕೆಲಸಕ್ಕೆ ಹೆಸರು ಎಲ್ಲಿ?

ಗುಬ್ಬಿ ಕಡೆಯ ನಮ್ಮ ಮಾವ ವಯಸ್ಸಿನಲ್ಲಿ ಊರಿನ ಪೌರಾಣಿಕ ನಾಟಕಗಳಲ್ಲಿ ಪಾತ್ರ ಮಾಡಿದವರು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ಸೀಮೆ, ನಾಟಕದ ಹುಚ್ಚು ಊರೂರಿಗೂ ಇದೆ. ಅವರ ಹತ್ತಿರ ಇದನ್ನೇ ಕೇಳಿದೆ. ಕುರುಕ್ಷೇತ್ರದಲ್ಲಿ ಅರ್ಜುನ ಬಿಲ್ಲು ಹಿಡಿದು ನಿಂತಲ್ಲೇ ನಿಂತು ಹತ್ತು ನಿಮಿಷ ಹಾಡಿದರೂ ಜನ ‘ಒನ್ಸ್ ಮೋರ್’ ಅಂತಿದ್ದರಂತೆ, ಯುದ್ಧ ಅಲ್ಲೇ ಕಾಯುತ್ತಿತ್ತು. ಅದೇ ಯಾರಾದರೂ ಮಾತು ಬೆಳೆಸಿ ಜನ ಆಕಳಿಸಲು ಶುರು ಮಾಡಿದರೆ, ಹಾರ್ಮೋನಿಯಂ ಮೇಷ್ಟ್ರು ಮುಂದಿನ ಹಾಡಿನ ಸ್ವರ ಹಿಡಿದುಬಿಡುತ್ತಿದ್ದರಂತೆ. ಪಾತ್ರಧಾರಿ ಬಾಯಿ ಮುಚ್ಚಿ ಹಾಡಿಗೆ ಬರಲೇಬೇಕು. ‘ನಾಟಕ ಆಡಿಸೋದು ಅಂದ್ರೆ ಬಿಟ್ಟು ಹಿಡಿಯೋದು ಕಣಪ್ಪ’ ಅಂದರು. ಬಿಟ್ಟು ಹಿಡಿ. ಕ್ರಿಯಾಪದ ಸಿಕ್ಕಿತು ಅನ್ನಿಸಿತು. ಆ ಬಾಗಿಲ ಮುಂದೆ ನಾನು ಬಿಟ್ಟೆ, ಹಿಡಿಯಲಿಲ್ಲ.

ನಾಮಪದಕ್ಕೆ ಈಗ ನನ್ನ ಒಲವು ‘ಹದ’ದ ಕಡೆ. ಮುದ್ದೆ ಮಾಡುವುದನ್ನು ನೋಡಿ. ಎಸರು ಕುದಿ ಬಂದ ಮೇಲೆ ಹಿಟ್ಟು ಸುರಿದು, ಕೋಲು ನಟ್ಟಗೆ ನಿಲ್ಲಿಸಿ, ಉರಿ ಸಣ್ಣ ಮಾಡಿ ಸುಮ್ನೆ ಬಿಡಬೇಕು. ಆಗ ಕೈ ಹಾಕಿದರೆ ಗಂಟು. ಬೆಂದ ಮೇಲೆ ಮಾತ್ರ ಪಾತ್ರೆ ಇಳಿಸಿ, ಕಾಲಲ್ಲೋ ಇಕ್ಕಳದಲ್ಲೋ ಒತ್ತಿ ಹಿಡಿದು, ಬಿರುಸಾಗಿ ತಿರುವಬೇಕು. ಆಗ ತಡ ಮಾಡಿದರೂ ಕೆಟ್ಟಿತು. ಸುಮ್ಮನಿರುವುದು, ಬಿರುಸು ಎರಡೂ ಸೇರಿ ಒಂದೇ ಹದ. ಜೊತೆಗೆ ಹದ ನೋಡು, ಹದ ತಪ್ಪಿತು, ಹದಕ್ಕೆ ಬಂತು ಅಂತ ಬಳಕೆ ತಯಾರಾಗಿಯೇ ಇದೆ. ಮಳೆ ಬಿದ್ದ ಮೇಲೆ ನೆಲದ ಹದ ನೋಡಿ ಬಿತ್ತುವವರಿಗೆ ಇದು ಹೊತ್ತಿನ ಲೆಕ್ಕವೂ ಹೌದು.

ನಮ್ಮಲ್ಲೇ ಒಬ್ಬರು ಒಪ್ಪುತ್ತಿಲ್ಲ. ‘ಆಟದ ಹದ’ ಅಂದರೆ ಆಟ ಎಷ್ಟು ಕಷ್ಟ, ಎಷ್ಟು ಸುಲಭ ಅನ್ನುವುದು ಅಂತ ಓದುಗರು ತಿಳಿಯುತ್ತಾರೆ, ಹೊತ್ತು ಅದರಲ್ಲಿ ಕಾಣುವುದಿಲ್ಲ ಅನ್ನುತ್ತಾರೆ. ‘ಓಟದ ಹದ’ ಅಂತ ಜೋಡಿಸಿ ನೋಡಿದೆ. ಅರ್ಥ ಸರಿಯಾಯಿತು, ಆದರೆ ಬಾಯಲ್ಲಿ ಹೊರಳುತ್ತಿಲ್ಲ.

ನನ್ನ ಪ್ರಶ್ನೆ ಎರಡು. ಮೂಡಲಪಾಯದ ಹಿಮ್ಮೇಳದಲ್ಲಿ ಕೂತವರು, ನಾಟಕ ಕಲಿಸುವ ಮೇಷ್ಟ್ರುಗಳು, ಹರಿಕಥೆ ಮಾಡುವವರು ತಮ್ಮ ತಮ್ಮಲ್ಲೇ ಮಾತಾಡುವಾಗ ಇದಕ್ಕೆ ಏನನ್ನುತ್ತಾರೆ? ಪುಸ್ತಕದ ಪದ ಬೇಡ, ಬಾಯಲ್ಲಿ ಬಂದದ್ದೇ ಬೇಕು. ಇನ್ನೊಂದು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ತೆಲುಗಿನ ಜೊತೆ ಬೆಳೆದ ಕನ್ನಡದಲ್ಲಿ ಬೇರೆ ಮಾತು ಇದೆಯಾ?

ಮುಂದಿನ ಭಾನುವಾರ ಆ ಕಡಲೆಬೀಜದ ಹುಡುಗಿಯೇ ಮೊದಲ ಸಲ ಭಾಗವತಿಕೆ ಮಾಡುತ್ತಿದ್ದಾಳೆ. ಅವಳಿಗೆ ಅಂತ ಎರಡು ಪುಟ ಬರೆದಿದ್ದೇನೆ. ಯಾವಾಗ ಮುಂದಿನ ಜಾಗಕ್ಕೆ ದಾಟಿಸಬೇಕು, ಸುಮ್ಮನಿರುವವರಿಗೆ ಹೇಗೆ ಸರದಿ ಕೊಡಬೇಕು, ಮುಗಿಸುವ ಹೊತ್ತಿಗೆ ಅರ್ಧ ಗಂಟೆ ಹೇಗೆ ಉಳಿಸಿಕೊಳ್ಳಬೇಕು ಅಂತೆಲ್ಲ. ತಲೆಬರಹ ಇನ್ನೂ ಬರೆದಿಲ್ಲ. ಶನಿವಾರ ಸಂಜೆಯೊಳಗೆ ತಿಳಿಸಿದರೆ ನಿಮ್ಮ ಪದವನ್ನೇ ಹಾಕಿ ಕೊಡುತ್ತೇನೆ.